ಭೋಂಗಾದೊಳಗಿನ ಪಲ್ಲಣ್ಣಾಚಾರ್ಯರು

ಪ್ರಹ್ಲಾದಾಚಾರ್ಯ ಎಂಬ ಹೆಸರು ಅವರ ಜಾತಕದಲ್ಲಿ ಮಾತ್ರ ಇತ್ತು. ಸವಣೂರಿನ ಬಾಯಲ್ಲಿ ಅವರು ಪಲ್ಲಣ್ಣಾಚಾರ್ಯರು. ಆಳು ಕುಳ್ಳ, ಮೈಮೇಲೆ ಮಾಂಸ ಕಡಿಮೆ, ಹಣೆ ಮಾತ್ರ ಅಗಲ. ಆದರೆ ಬಾಯಿ ತೆರೆದರೆಂದರೆ, ಇಷ್ಟು ದೊಡ್ಡ ದನಿಯನ್ನು ಇಷ್ಟು ಸಣ್ಣ ಮನುಷ್ಯ ಎಲ್ಲಿ ಇಟ್ಟುಕೊಂಡಿದ್ದಾನೆ ಎಂದು ಹೊಸಬರು ಅತ್ತಿತ್ತ ನೋಡುತ್ತಿದ್ದರು. ನಾನು ಪರಮೇಶಪ್ಪ, ಮಹಾಲಿಂಗಪ್ಪನವರ ಜವಳಿ ಅಂಗಡಿಯಲ್ಲಿ ಬಟ್ಟೆ ಅಳೆಯುತ್ತಿದ್ದವನು. ನಾವು ಲಿಂಗಾಯತರು. ಅವರ ಮಠದ ಪುರಾಣಕ್ಕೂ ನನಗೂ ಏನೂ ಸಂಬಂಧವಿಲ್ಲ. ಆದರೂ ಅಂಗಡಿಯ ಬಾಗಿಲು ಹಾಕಿದ ಮೇಲೆ ಮಠದ ಹೊರಗಿನ ಕಟ್ಟೆಯ ಮೇಲೆ ಕೂತು ಕೇಳಿ ಮನೆಗೆ ಹೋಗುತ್ತಿದ್ದೆ. ಒಳ್ಳೆಯ ದನಿಗೆ ಜಾತಿ ಕೇಳುವ ಚಾಳಿ ನನಗೆ ಮೊದಲಿನಿಂದಲೂ ಇಲ್ಲ.

ಆಚಾರ್ಯರದೊಂದು ನೇಮ ಇತ್ತು. ಪುರಾಣವನ್ನು ಅಮಂಗಳದ ಮೇಲೆ ನಿಲ್ಲಿಸಬಾರದು. ಕಥೆಯಲ್ಲಿ ಯಾರೋ ಸತ್ತರು, ಯಾರದೋ ಮನೆ ಹಾಳಾಯಿತು ಎಂಬಲ್ಲಿ ಪುಸ್ತಕ ಮುಚ್ಚುವಂತಿಲ್ಲ. ಎಷ್ಟೇ ಹೊತ್ತಾಗಲಿ, ಮುಂದೆ ಓದಿ, ಒಂದು ಮದುವೆಯೋ ಒಂದು ಮಗು ಹುಟ್ಟಿದ್ದೋ ಬರುವವರೆಗೆ ಹೋಗಿ, ಅಲ್ಲಿ ಮಂಗಳ ಹಾಡಿ ಮುಗಿಸಬೇಕು. ಕೇಳುವವರೂ ಅಷ್ಟೇ, ಮಂಗಳ ಆಗದೆ ಏಳುವಂತಿಲ್ಲ. ಇದು ಪುರಾಣಿಕರೆಲ್ಲರ ಪದ್ಧತಿಯೇ. ಆದರೆ ಬೇರೆಯವರು ಹೊಟ್ಟೆ ಹಸಿದಾಗ ಎರಡು ಪುಟ ಹಾರಿಸಿ ಮಂಗಳಕ್ಕೆ ಬಂದುಬಿಡುತ್ತಿದ್ದರು. ಇವರು ಹಾಗಲ್ಲ.

ಅದಕ್ಕೆ ಕಾರಣ ಇತ್ತು. ಒಮ್ಮೆ ಹತ್ತಿಮತ್ತೂರಿನಲ್ಲಿ ಇವರ ಪುರಾಣ ನಡೆದಾಗ, ಎಳೆಯ ವೀರನೊಬ್ಬನನ್ನು ಎಲ್ಲರೂ ಸುತ್ತುಗಟ್ಟಿ ಕೊಂದ ಪ್ರಸಂಗದಲ್ಲಿ ಮಳೆ ಸುರಿಯಿತು. ಜನ ಕಂಬಳಿ ಹೊದ್ದುಕೊಂಡು ಎದ್ದರು. ಪುಸ್ತಕ ತೋಯ್ದೀತೆಂದು ಆಚಾರ್ಯರು ಅಲ್ಲಿಯೇ ಮುಚ್ಚಿದರು. ಅದೇ ವಾರ ಅವರ ಹಿರಿಯ ಮಗ ಶ್ರೀನಿವಾಸ, ಹಾನಗಲ್ಲಿನ ಸೋದರಮಾವನ ಮನೆಯಿಂದ ಊರಿಗೆ ಬರುವಾಗ ವರದಾ ಹೊಳೆಯಲ್ಲಿ ಹರಿಗೋಲು ಮಗುಚಿ ಹೋದ. ಮನೆ ಮುಟ್ಟಲಿಲ್ಲ. 'ಕಾಗಿ ಕೂಡೂದಕ್ಕೂ ಟೊಂಗಿ ಮುರಿಯೂದಕ್ಕೂ ಸರಿಹೋತು, ಅಷ್ಟ' ಎಂದು ಆಚಾರ್ಯರೇ ಹೇಳುತ್ತಿದ್ದರು. ಹೇಳುವುದು ಬೇರೆ, ಎದೆ ನಂಬುವುದು ಬೇರೆ. ಅಂದಿನಿಂದ ಅವರು ಯಾವ ಮಾತನ್ನೂ ಕೆಟ್ಟದ್ದರ ಮೇಲೆ ನಿಲ್ಲಿಸಿದವರಲ್ಲ. ಅವರ ಹೆಂಡತಿ ತುಳಸಾಬಾಯಿ ಆ ಮಾತು ಎತ್ತುತ್ತಲೇ ಇರಲಿಲ್ಲ. ಆದರೆ ಗಂಡನ ದನಿ ಕಿವಿಗೆ ಬೀಳುತ್ತಿದ್ದಷ್ಟು ಹೊತ್ತು, ಒಲೆಯ ಮೇಲೆ ಹಾಲು ಉಕ್ಕಿದರೂ, ಮಂಗಳ ಕೇಳದೆ ಕೂತಲ್ಲಿಂದ ಏಳುತ್ತಿರಲಿಲ್ಲ.

ಇಂಥ ಮನುಷ್ಯನನ್ನು ಫುಟ್‌ಬಾಲಿನ ಮುಂದೆ ತಂದು ಕೂಡ್ರಿಸಿದವರು ನಾವು. ತಪ್ಪು ಯಾರದೆಂದು ಈಗ ನೀವೇ ಹೇಳಿ.

ಎರಡನೇ ಮಹಾಯುದ್ಧ ಮುಗಿದ ಮರುವರ್ಷ. ಮಹಾಲಿಂಗಪ್ಪನವರ ಅಂಗಡಿಯಲ್ಲಿ ಬ್ಯಾಟರಿ ರೇಡಿಯೋ ಇತ್ತು. ಅದರಲ್ಲಿ ಆಗಾಗ ಯಾವುದೋ ದೂರದ ಪಟ್ಟಣದ ಆಟವನ್ನು ಇಂಗ್ರೇಜಿಯಲ್ಲಿ ಯಾರೋ ಅವಸರವಾಗಿ ಹೇಳುತ್ತಿದ್ದರು. ಒಂದಕ್ಷರ ತಿಳಿಯದಿದ್ದರೂ ಅರ್ಧ ಪೇಟೆ ಅಂಗಡಿಯ ಮುಂದೆ ನಿಂತು ಕೇಳುತ್ತಿತ್ತು. ಒಂದು ದಿನ ಮಹಾಲಿಂಗಪ್ಪನವರು ರೇಡಿಯೋದ ಕಿವಿ ತಿರುವಿ ಬಾಯಿ ಮುಚ್ಚಿಸಿ, "ಯಾವನೋ ಪರದೇಶದಾಂವ ಒದ್ದ ಚಂಡಿನ ಸುದ್ದಿ ಕೇಳಾಕ ನಾವು ಬಾಯಿ ತಕ್ಕೊಂಡು ಕುಂದರ್ತೇವಿ. ನಮ್ಮ ಹುಡುಗರ ಆಟ ಯಾಕ ಕೇಳಬಾರದು?" ಅಂದರು. ಆ ಶ್ರಾವಣದಲ್ಲಿ ನಮ್ಮೂರಿನಲ್ಲೇ ನಾಲ್ಕೂರಿನ ಪಂದ್ಯ ಇತ್ತು. ಸವಣೂರು, ಶಿಗ್ಗಾಂವಿ, ಹಿರೇಕೆರೂರು, ಹಾನಗಲ್ಲು. ಆ ಮೂರೂ ಇಂಗ್ರೇಜರು ಆಳುವ ಮುಲುಕಿನ ಊರುಗಳು, ನಮ್ಮದೊಂದೇ ನವಾಬರ ಸಂಸ್ಥಾನ. ಹಾಗಾಗಿ ಅವರಿಗೆ ನಮ್ಮನ್ನು ಸೋಲಿಸುವುದೆಂದರೆ ಹೋಳಿಗೆ ತುಪ್ಪ. ಒಂದೊಂದು ತಂಡ ಉಳಿದ ಮೂರರ ಜೋಡಿಯೂ ಆಡಬೇಕು, ಹೆಚ್ಚು ಗೆದ್ದವರಿಗೆ ಬಹುಮಾನದ ಢಾಲು.

ಗುದ್ಲೆಪ್ಪ ಎಂಬವನದು ಡೇರೆ ಸಿನಿಮಾ. ಮಳೆಗಾಲದಲ್ಲಿ ಡೇರೆ ಮಡಚಿಟ್ಟು ಸುಮ್ಮನೆ ಇರುತ್ತಿದ್ದ. ಅವನ ಮೈಕು, ಮೋಟಾರಿನ ಬ್ಯಾಟರಿ, ದನಿಯನ್ನು ಊರಿಗೆಲ್ಲ ಸಾರುವ ಕಬ್ಬಿಣದ ಭೋಂಗಾ ಎಲ್ಲವೂ ಸುಮ್ಮನೆ ಇರುತ್ತಿದ್ದವು. ಮಹಾಲಿಂಗಪ್ಪನವರು ಅವನನ್ನು ಎಬ್ಬಿಸಿದರು. ಊರ ಹೊರಗಿನ ಬಯಲಿನಿಂದ ಮರದಿಂದ ಮರಕ್ಕೆ, ಮಾಳಿಗೆಯಿಂದ ಮಾಳಿಗೆಗೆ ತಂತಿ ಎಳೆದು, ಪೇಟೆಯ ನಡುವೆ ಒಂದು ಭೋಂಗಾ, ಮಠದ ಓಣಿಯ ತುದಿಗೆ ಇನ್ನೊಂದು ಕಟ್ಟಿದ. ಅದಕ್ಕೆ ನಾವು ಇಟ್ಟ ಹೆಸರು ಸವಣೂರ ರೇಡಿಯೋ. ಅಂಗಡಿ ಬಿಟ್ಟು ಹೋಗಲಾರದ ನಮ್ಮಂಥವರು, ಬಯಲಿಗೆ ಬರದ ಹೆಣ್ಣುಮಕ್ಕಳು ಎಲ್ಲರೂ ಕೂತಲ್ಲೇ ಆಟ ಕೇಳಬಹುದು. ಇನ್ನು ಹೇಳುವವರು ಯಾರು? ಪುರಾಣದ ಜನವನ್ನೆಲ್ಲ ಗುದ್ಲೆಪ್ಪನ ಸಿನಿಮಾ ಸೆಳೆದುಕೊಂಡು, ಆಗ ಪಲ್ಲಣ್ಣಾಚಾರ್ಯರ ಮುಂದೆ ಕೂಡುತ್ತಿದ್ದದ್ದು ನಾಲ್ಕು ಮುದುಕಿಯರು ಮತ್ತು ಮಠದ ಕಂಬಗಳು. ಪಾಪಪರಿಹಾರ ಮಾಡಿಕೊಳ್ಳುವಂತೆ ಗುದ್ಲೆಪ್ಪನೇ ಅವರ ಹೆಸರು ಹೇಳಿದ.

ಆಟ ಕಲಿಸಿದವನು ನಮ್ಮ ತಂಡದ ಕ್ಯಾಪ್ಟನ್ ಹಸನಸಾಬ. ಎಲೆಬಳ್ಳಿ ತೋಟಗಳಿಂದ ವೀಳ್ಯದೆಲೆಯ ಬುಟ್ಟಿಗಳನ್ನು ಹಾವೇರಿ ಸ್ಟೇಷನ್ನಿಗೆ ಟಾಂಗಾದಲ್ಲಿ ಒಯ್ಯುವುದು ಅವನ ಕೆಲಸ. ಆಚಾರ್ಯರ ಕಟ್ಟೆಯ ಮೇಲೆ ಹುಣಸೆಬೀಜ ಹರವಿ, "ಇವು ನಾವ್ರೀ, ಇವು ಅವ್ರು" ಎಂದು ತೋರಿಸುತ್ತಿದ್ದ. ಆಚಾರ್ಯರು ಬೇಗ ಹಿಡಿದರು. "ಅಂದ್ರ ಗೋಲಿ ಒಬ್ಬಗ ಮಾತ್ರ ಕೈಯ ಅಧಿಕಾರ. ಉಳಿದವರು ಮುಟ್ಟಿದ್ರ ದೋಷ. ಎದುರಿನವರ ಬೆನ್ನ ಹಿಂದ ಹೋಗಿ ಅಡಗಿ ನಿಂತು ಚಂಡು ಬೇಡೋದು ಅಧರ್ಮ. ಇದರಾಗೇನದ? ನಮ್ಮ ಶಾಸ್ತ್ರಕ್ಕಿಂತ ಸಸಾರ ಅದ," ಅಂದರು. ಹಸನಸಾಬ ನಗುತ್ತ ನಗುತ್ತ ಮನೆಗೆ ಹೋದ. ಅವರಿಬ್ಬರಿಗೂ ಹೊಂದಿಕೆ ಆಯಿತು.

ಮೊದಲ ಆಟ ಶಿಗ್ಗಾಂವಿಯ ಜೋಡಿ. ಭೋಂಗಾ ಕೆಮ್ಮಿತು, ಗರಗರ ಅಂದಿತು, ಆಮೇಲೆ ಆ ದನಿ ಪೇಟೆಯ ತುಂಬ ಬಿತ್ತು. ನಾನು ಕೈಯಲ್ಲಿದ್ದ ಗಜಕೋಲು ಕೆಳಗಿಟ್ಟೆ.

"ಕೇಳ್ರಿ ಸಜ್ಜನರಾ! ಹಸನಸಾಬ ಚಂಡನ್ನ ಪಾದದಾಗ ಇಟಗೊಂಡು ಹೊಂಟಾನ. ಕಾಲಾಗ ಜೋಡಿಲ್ಲ, ನೆಲ ಕೆಸರದ, ಆದ್ರೂ ಹೊಂಟಾನ. ಎದುರಿಗೆ ಶಿಗ್ಗಾಂವಿಯ ಇಬ್ಬರು ದ್ವಾರಪಾಲಕರು ಬಂದ್ರು. ಒಬ್ಬನ ಎಡಕ್ಕ ಚಂಡು, ಬಲಕ್ಕ ತಾನು! ಆ ದ್ವಾರಪಾಲಕ ಯಾವದನ್ನ ಹಿಡೀಬೇಕು? ಎರಡನ್ನೂ ಬಿಟ್ಟ!"

ಪೇಟೆ ಹೋ ಎಂದಿತು. ಎಲೆ ಮಾರುವ ಫಕ್ಕೀರವ್ವ ತನ್ನ ಬುಟ್ಟಿಯನ್ನೇ ಬಡಿದಳು. ಈ ಹೆಂಗಸಿನ ಬಗ್ಗೆ ಒಂದು ಮಾತು ಹೇಳಬೇಕು. ಜೀವಮಾನದಲ್ಲಿ ಒಂದೇ ಒಂದು ಆಟ ನೋಡಿದವಳಲ್ಲ, ಆದರೆ ಸವಣೂರಿನ ತಂಡಕ್ಕೆ ಅವಳಷ್ಟು ಬೈದವರೂ ಇಲ್ಲ, ಅವಳಷ್ಟು ಹರಕೆ ಹೊತ್ತವರೂ ಇಲ್ಲ. ಅವಳ ಬಾಯಿಗೆ ಸಿಕ್ಕವನು ಊರು ಬಿಡಬೇಕು.

ಅರ್ಧ ಆಟದವರೆಗೆ ಎರಡೂ ಕಡೆ ಗೋಲಿಲ್ಲ. ಆಮೇಲೆ ಏನಾಯಿತೆಂದು ಹೇಳುತ್ತೇನೆ, ಆದರೆ ಅಂದು ಪೇಟೆಯಲ್ಲಿದ್ದ ನಮಗೆ ಅದು ಗೊತ್ತಾಗಲಿಲ್ಲ. ಬಯಲಿನಲ್ಲಿ ಶಿಗ್ಗಾಂವಿಯವರು ಕೊನೆಗಳಿಗೆಯಲ್ಲಿ ಒಂದು ಗೋಲು ಹೊಡೆದರು. ರೆಫ್ರಿ ಸೀಟಿ ಊದಿದ, ಆಟ ಮುಗಿಯಿತು. ಆಚಾರ್ಯರ ಬಾಯಿ ಆ ಸೋಲಿನ ಎದುರಿಗೆ ಬಂದು ನಿಂತಿತು. ಅಲ್ಲಿ ಮುಗಿಸುವಂತಿಲ್ಲ. ಅವರೇನು ಮಾಡಿದರೆಂದರೆ, ಒಂದು ಉಪಕಥೆಗೆ ಹೊರಳಿದರು. ಹೋದ ಬೇಸಿಗೆಯಲ್ಲಿ ಹಸನಸಾಬ ಹಿರೇಕೆರೂರಿನ ಮೇಲೆ ಹೊಡೆದಿದ್ದ ಗೋಲಿನ ಕಥೆ. ಹುಣಸೆಬೀಜದ ಪಾಠದಲ್ಲಿ ಅವನೇ ಹೇಳಿದ್ದನಂತೆ. ಊರಿನ ಹೆಸರು ಎತ್ತದೆ ಅದನ್ನು ರಸ ಸುರಿಯುವಂತೆ ಹೇಳಿ, ಗೋಲು ಎಂದು ಕೂಗಿ, ಮಂಗಳ ಹಾಡಿ, ಮೈಕಿಗೆ ಕೈಮುಗಿದು ಎದ್ದರು. ಅವರ ಲೆಕ್ಕದಲ್ಲಿ ಒಂದು ಸುಳ್ಳೂ ಇಲ್ಲ. ಪುರಾಣದಲ್ಲಿ ಕಥೆಯೊಳಗೆ ಕಥೆ ಬರುವುದಿಲ್ಲವೇ?

ಪೇಟೆಯಲ್ಲಿ ನಾವು ಗೆದ್ದಿದ್ದೆವು. ಸಕ್ಕರೆ ರೇಶನ್ನಿನಲ್ಲಿದ್ದ ಕಾಲ, ಮಹಾಲಿಂಗಪ್ಪನವರು ಬೆಲ್ಲದ ಪೆಂಟೆ ಒಡೆಸಿ ಹಂಚಿದರು. ಹಲಗೆ ಬಾರಿಸುವವನು ಬಂದ. ಫಕ್ಕೀರವ್ವ ಎಲೆಗಳನ್ನು ಪೋಣಿಸಿ ಹಾರ ಮಾಡಿದಳು. ಅಷ್ಟರಲ್ಲಿ ನಮ್ಮ ತಂಡ ಕೆಸರು ಮೆತ್ತಿಕೊಂಡು, ಸೋತವರು ಯಾವಾಗಲೂ ಮಾಡುವಂತೆ ಹಿತ್ತಲ ಓಣಿಯಿಂದ ನುಸುಳಿ ಬರುತ್ತಿತ್ತು. ನಾವು ಅವರನ್ನು ಹಿಡಿದು ಎಳೆದು ತಂದೆವು. ಫಕ್ಕೀರವ್ವ ಹಸನಸಾಬನ ಕೊರಳಿಗೆ ಹಾರ ಹಾಕಿಯೇ ಬಿಟ್ಟಳು.

"ಯಾಕಬೇ ಹಾರ? ನಾವು ಸೋತೇವಿ," ಅಂದ ಅವನು.

ಚೇಷ್ಟೆ ಎಂದು ಎಲ್ಲರೂ ನಕ್ಕರು. ಅವನು ಇನ್ನೊಮ್ಮೆ ಹೇಳಿದ. ಹಲಗೆ ನಿಂತಿತು. ಬಾಯಲ್ಲಿದ್ದ ಬೆಲ್ಲ ಉಗುಳುವಂತಿಲ್ಲ, ನುಂಗುವಂತಿಲ್ಲ. ಆಮೇಲೆ ಬೈಗುಳ ಸುರುವಾಯಿತು. ಆಚಾರ್ಯರಿಗೆ ಬೈಯಲು ಧೈರ್ಯ ಸಾಲದವರು ಹುಡುಗರಿಗೆ ಬೈದರು. ಅತ್ತೆ ಮೇಲಿನ ಸಿಟ್ಟು ಕೊತ್ತಿ ಮೇಲೆ. ನಾನೂ ಬೈದೆ. ಈಗಲೂ ಅದರ ಬಗ್ಗೆ ನನಗೆ ವಿಶೇಷ ಪಶ್ಚಾತ್ತಾಪ ಇಲ್ಲ, ಗೋಲಿನ ಮುಂದೆ ನಿಂತು ತಡೆಯಬೇಕಾಗಿದ್ದ ನಮ್ಮ ಬ್ಯಾಕ್ ಹುಡುಗ ಆಡಿದ್ದು ಹಾಗೇ ಇತ್ತಂತೆ.

ಹಸನಸಾಬ ಹಾರವನ್ನು ಕೊರಳಲ್ಲಿಟ್ಟುಕೊಂಡೇ ಆಚಾರ್ಯರ ಕಟ್ಟೆಗೆ ಹೋದ. ಜಗಳ ಬೆಳೆದೀತೆಂದು ನಾನೂ ಹಿಂದೆ ಹೋದೆ.

"ಆಚಾರ್ರ, ಸೋತು ಬಂದು ಬೈಸಿಕೊಳ್ಳೂದು ನಮಗ ರೂಢಿ ಐತ್ರಿ. ಹಾರ ಹಾಕಿಸಿಕೊಂಡು ಬೈಸಿಕೊಂಡಿದ್ದು ಇವತ್ತ ಮೊದಲು. ನಾವು ಸೋತದ್ದು ಹೇಳಾಕ ನಿಮಗ ಅಷ್ಟು ನಾಚಿಕಿ ಆತೇನ್ರಿ?"

"ನಾಚಿಕಿ ಅಲ್ಲಪಾ," ಅಂದರು ಆಚಾರ್ಯರು. "ಅಂಜಿಕಿ."

ಹಸನಸಾಬನಿಗೆ ಅದು ಅರ್ಥವಾಗಲಿಲ್ಲ. ಅವನು ಹಾರ ತೆಗೆದು ಕಟ್ಟೆಯ ಮೇಲಿಟ್ಟು ಹೊರಟುಹೋದ. ಆಚಾರ್ಯರಿಗೆ ಮೈಕು ತಪ್ಪಿತು.

ಮುಂದಿನ ಆಟ ಹಿರೇಕೆರೂರಿನ ಜೋಡಿ. ಹೇಳಲು ಗುದ್ಲೆಪ್ಪನೇ ಕೂತ. ಅವನು ಸತ್ಯವಂತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸತ್ಯವನ್ನು ಅಷ್ಟು ಬೋಳಾಗಿ ಹೇಳಬಹುದೆಂದು ನಮಗೆ ಗೊತ್ತಿರಲಿಲ್ಲ. "ಚಂಡು ಆಕಡೆ ಹೋತು," ಎನ್ನುತ್ತಿದ್ದ. ಬಹಳ ಹೊತ್ತು ಬಿಟ್ಟು, "ಈಕಡೆ ಬಂತು," ಎನ್ನುತ್ತಿದ್ದ. ನಡುವೆ ಅವನು ಮೂಗು ಸೀಟುವುದು ಕೇಳುತ್ತಿತ್ತು. ಆ ಆಟವನ್ನು ನಾವು ಗೆದ್ದೆವು. "ಗೋಲ್ ಆತು. ನಮ್ಮದು. ಬಂದ್ ಮಾಡ್ತೇನಿ," ಅಂದು ಬಂದ್ ಮಾಡಿದ. ಗೆದ್ದ ಮೇಲೂ ಪೇಟೆ ಮುಖ ಗಂಟು ಹಾಕಿಕೊಂಡು ಕೂತದ್ದು ಅದೇ ಮೊದಲು.

ಅವನು ಪೇಟೆಗೆ ಬಂದೊಡನೆ ಫಕ್ಕೀರವ್ವ ತರುಬಿದಳು. "ಏನಲೇ ಗುದ್ಲೆಪ್ಪ, ಆಕಡೆ ಹೋತು ಈಕಡೆ ಬಂತು ಅಂದ್ರ ನಾ ಏನ್ ತಿಳಕೋಬೇಕು? ನಮ್ಮ ಎಮ್ಮೀನೂ ದಿನಾ ಆಕಡೆ ಹೋಗಿ ಈಕಡೆ ಬರತೈತಿ. ಅದನ್ನ ಕೇಳಾಕ ಭೋಂಗಾ ಯಾಕ ಬೇಕು?"

"ಖರೇ ಹೇಳೇನಿಲ್ಲ?"

"ಖರೇನ ಹೇಳೀದಿ. ಆಟ ಎಲ್ಲೆ ಹೇಳೀದಿ?"

ಅಂದಿನಿಂದ ಪೇಟೆಯಲ್ಲಿ ಎರಡು ಪಕ್ಷ. ಸುಳ್ಳಾದರೂ ಆಚಾರ್ಯರ ದನಿ ಬೇಕು ಎನ್ನುವವರು ಒಂದು ಕಡೆ, ಬೆಲ್ಲದ ಮಾನ ಹೋದದ್ದನ್ನು ಮರೆಯದವರು ಇನ್ನೊಂದು ಕಡೆ. ಮಹಾಲಿಂಗಪ್ಪನವರು ಬೆಲ್ಲದ ಕಡೆ, ನಾನು ದನಿಯ ಕಡೆ. ಒಂದೇ ಅಂಗಡಿಯಲ್ಲಿ ಮಾಲೀಕನೂ ನೌಕರನೂ ಮಾತು ಬಿಟ್ಟು, ಗಿರಾಕಿಗಳ ಮೂಲಕ ಮಾತಾಡುತ್ತಿದ್ದೆವು. ಹಾನಗಲ್ಲಿನ ಜೋಡಿಯ ಆಟ ಹತ್ತಿರ ಬಂತು. ಅವರೂ ಒಂದು ಸೋತು ಒಂದು ಗೆದ್ದಿದ್ದರು, ಶಿಗ್ಗಾಂವಿ ಹಿರೇಕೆರೂರಿನವರು ತಮ್ಮ ತಮ್ಮಲ್ಲಿ ಆಡಿದ ಆಟ ಸರಿಸಮ ಆಗಿತ್ತು. ಆ ಆಟ ಗೆದ್ದವರಿಗೆ ಢಾಲು ಎಂಬಂತಾಯಿತು.

ಕೊನೆಗೆ ಹಸನಸಾಬನೇ ಕಟ್ಟೆಗೆ ಬಂದ. ನಾನೇ ಕರೆತಂದಿದ್ದೆ. ಅವನು ಕೂಡಲಿಲ್ಲ.

"ಜನಾ ನಿಮ್ಮನ್ನ ಕೇಳಾಕತ್ತಾರ್ರಿ. ನಮ್ಮ ಹುಡುಗ್ರೂ ಕೇಳಾಕತ್ತಾರ. ಬರ್ರಿ. ಆದ್ರ ಒಂದ ಮಾತು. ಗೆದ್ರ ಗೆದ್ದೇವಿ ಅನ್ರಿ. ಸೋತ್ರ ಸೋತೇವಿ ಅನ್ರಿ. ಸೋತೇವಿ ಅಂದ ಮ್ಯಾಲೆ ಇನ್ನೊಂದು ಮಾತು ಬರಬಾರದು. ಅಲ್ಲೇ ಬಂದ್ ಮಾಡಬೇಕು."

ಆಚಾರ್ಯರ ಕಷ್ಟ ನನಗೆ ಗೊತ್ತಿತ್ತು. ಸೋತೆವೆಂದು ಹೇಳಲು ಅವರಿಗೆ ಅಡ್ಡಿಯಿರಲಿಲ್ಲ. ಹೇಳಿ ಅಲ್ಲಿಯೇ ಬಾಯಿ ಮುಚ್ಚಿದರೆ, ಆ ಬಯಲಿನಲ್ಲಿದ್ದ ಯಾರ ಮನೆಯ ಮಗನೋ ಮನೆ ಮುಟ್ಟಲಿಕ್ಕಿಲ್ಲ ಎಂಬ ಅಂಜಿಕೆ. ಕೆಲಸಕ್ಕೆ ಬಾರದ ಅಂಜಿಕೆ ಎಂದು ನೀವು ಅನ್ನಬಹುದು. ಮಗನನ್ನು ಕಳಕೊಂಡವರ ಎದುರು ಅಂದು ನೋಡಿ.

ಒಳಗಿನ ಬಾಗಿಲ ಹಿಂದಿನಿಂದ ತುಳಸಾಬಾಯಿಯವರ ದನಿ ಬಂತು. "ಒಪ್ಪಿಕೋರಿ. ಆಡೋರು ಅವರು. ಅವರ ಮಾತು ನಡೀಲಿ."

ಆಚಾರ್ಯರು ಹೆಂಡತಿ ನಿಂತ ಕಡೆ ಒಮ್ಮೆ ನೋಡಿದರು. "ಆತಪಾ," ಅಂದರು ಹಸನಸಾಬನಿಗೆ. "ಮಾತು ಕೊಟ್ಟೆ."

ಆಟದ ದಿನ ಬೆಳಗಿನಿಂದ ಮೋಡ. ಹಾನಗಲ್ಲಿನವರು ಚಕ್ಕಡಿಯಲ್ಲಿ ಹೊಳೆ ದಾಟಿ ಬಂದಿದ್ದರು. ಮಧ್ಯಾಹ್ನ ಒಂದು ಗಟ್ಟಿ ಮಳೆ ಹೊಡೆದು ನಿಂತಿತು. ಗುದ್ಲೆಪ್ಪ ಬ್ಯಾಟರಿಗೆ ಕೊಡೆ ಹಿಡಿದ, ಆಚಾರ್ಯರು ತಾವು ತೋಯ್ದರು. ಪೇಟೆಯಲ್ಲಿ ಅಂದು ಯಾರೂ ವ್ಯಾಪಾರ ಮಾಡಲಿಲ್ಲ. ಎಲ್ಲರೂ ಭೋಂಗಾದ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂತಿದ್ದರು. ಮಹಾಲಿಂಗಪ್ಪನವರು ನನ್ನ ಪಕ್ಕಕ್ಕೇ ಬಂದು ಕೂತರು, ಮಾತಾಡಲಿಲ್ಲ.

ಅಂದು ಆಚಾರ್ಯರು ಹೇಳಿದ ಹಾಗೆ ಮತ್ತೆ ಯಾವ ರೇಡಿಯೋದಲ್ಲೂ ನಾನು ಕೇಳಿಲ್ಲ. ಹಾನಗಲ್ಲಿನವರು ಚೆನ್ನಾಗಿ ಆಡಿದ್ದನ್ನೂ ಚೆನ್ನಾಗಿಯೇ ಹೇಳಿದರು. "ಹಾನಗಲ್ಲಿನ ಆ ಉದ್ದನ ಹುಡುಗ ಬಂದಾ. ಅವನ ಓಟ ನೋಡ್ರಿ, ವೈರಿ ಆದ್ರೂ ಛಲೋ ಓಡತಾನ!" ಎಂದಾಗ ಫಕ್ಕೀರವ್ವ ಭೋಂಗಾದ ಕಡೆ ಮುಖ ಎತ್ತಿ, "ನೀವು ಯಾರ ಕಡೆಯವ್ರೀ ಆಚಾರ್ರ?" ಎಂದು ಕೂಗಿದಳು. ಆ ಉದ್ದನ ಹುಡುಗನೇ ಒಂದು ಗೋಲು ಹೊಡೆದ. ಆಚಾರ್ಯರು ತಪ್ಪಿಸಲಿಲ್ಲ, ಹೇಳಿದರು. ನಾವು ಒಂದು ಹೊಡೆದೆವು. ಪೇಟೆಯ ಕಾಗೆಗಳೆಲ್ಲ ಹಾರಿಹೋದವು. ಆಮೇಲೆ ಕೊನೆಗೆ, ಹಸನಸಾಬ ಹೊಡೆದ ಚಂಡು ಹಾನಗಲ್ಲಿನ ಗೋಲಿನ ಕಂಬಕ್ಕೆ ಬಡಿದು ಹೊರಳಿತು. ಅದೇ ಚಂಡು ಎತ್ತಿಕೊಂಡು ಅವರು ಈ ತುದಿಗೆ ಬಂದು ಒಳಗೆ ಹಾಕಿದರು. ಕಂಬ ನಾಲ್ಕು ಬೆರಳು ಅತ್ತ ಇದ್ದಿದ್ದರೆ! ಆ ಕಂಬ ನೆಟ್ಟವನನ್ನು ನಾನು ಇನ್ನೂ ಕ್ಷಮಿಸಿಲ್ಲ.

ಸೀಟಿ ಊದಿದ್ದು ಭೋಂಗಾದಲ್ಲೇ ಕೇಳಿಸಿತು. ಆಮೇಲೆ ಆಚಾರ್ಯರ ದನಿ, ಏರಿಳಿತವಿಲ್ಲದೆ:

"ಆಟ ಮುಗೀತು. ಹಾನಗಲ್ಲಿನವರು ಗೆದ್ರು. ನಾವು ಸೋತ್ವಿ."

ಅಷ್ಟೇ. ಭೋಂಗಾ ಟಪ್ ಎಂದು ಸತ್ತಿತು.

ನಾನು ಬೈಗುಳಕ್ಕೆ ಕಾದೆ, ಬರಲಿಲ್ಲ. ಎದ್ದು ಹೋಗುವವರಿಗಾಗಿ ನೋಡಿದೆ, ಯಾರೂ ಏಳಲಿಲ್ಲ. ಆ ದನಿ ಕೇಳಿ ಕೇಳಿ ನಮ್ಮೆಲ್ಲರಿಗೂ, ಲಿಂಗಾಯತರಿಗೂ ಮುಸಲ್ಮಾನರಿಗೂ, ಪುರಾಣದ ರೂಢಿ ಅಂಟಿಕೊಂಡಿತ್ತು. ಮಂಗಳ ಆಗದೆ ಏಳುವುದು ಹೇಗೆ? ಹಾಗೆಂದು ಕೂತೇ ಇರುವುದೆಷ್ಟು ಹೊತ್ತು? ನನ್ನ ಪಕ್ಕದಲ್ಲಿ ಮಹಾಲಿಂಗಪ್ಪನವರು ತಲೆಗೆ ಸುತ್ತಿದ ಪಟಗದ ಸೆರಗಿನಿಂದ ಮೂಗು ಒರೆಸಿಕೊಂಡರು. "ಖರೇ ಹೇಳಿದ್ರು ನೋಡಪಾ," ಅಂದರು ನನಗೆ. ಎಷ್ಟೋ ದಿನದ ಮೇಲೆ ಅವರು ನೇರ ಆಡಿದ ಮಾತು ಅದು.

ಫಕ್ಕೀರವ್ವ ಎದ್ದಳು. ಎಲೆಯ ಬುಟ್ಟಿಯನ್ನು ತಲೆಯ ಮೇಲಿಟ್ಟುಕೊಂಡಳು.

"ಎಲ್ಲಿಗೆ ಹೊಂಟಿ?" ಅಂದೆ.

"ಇಲ್ಲಿ ಮುಗಿಯಲಿಲ್ಲಲ್ಲ, ಅಲ್ಲಿ ಹೋಗಿ ಮುಗಸಾಕ. ಸೋತ ಹುಡುಗ್ರು ಹಿತ್ತಲ ಓಣಿ ಹಿಡೀತಾವ. ಅವ್ರು ನುಸುಳೂದರಾಗ ಹಿಡಕೊಂಡು ಬರೂಣ ನಡೀರಿ."

ಆಟ ಎಂದೂ ನೋಡದ ಹೆಂಗಸು ಬಯಲಿನ ದಾರಿ ಹಿಡಿದಳು. ಮಹಾಲಿಂಗಪ್ಪನವರು ಎದ್ದರು. ನಾನು ಎದ್ದೆ. ಗೋಣಿಚೀಲಗಳನ್ನು ಅಲ್ಲಿಯೇ ಬಿಟ್ಟು ಪೇಟೆ ಪೂರಾ ಹೊರಟಿತು. ಹಲಗೆಯವನೂ ಬಂದ, ಆದರೆ ಬಾರಿಸಬೇಕೋ ಬಾರದೋ ತಿಳಿಯದೆ ಅದನ್ನು ಬಗಲಲ್ಲಿ ಇಟ್ಟುಕೊಂಡು ನಡೆದ.

ಬಯಲಿನಲ್ಲಿ ಆಚಾರ್ಯರು ಸತ್ತ ಮೈಕಿನ ಮುಂದೆ ಮಣೆಯ ಮೇಲೆ ಹಾಗೇ ಕೂತಿದ್ದರು. ಕೈ ಮುಗಿದಿದ್ದರು, ತುಟಿ ಬಿಗಿದಿದ್ದರು. ಗುದ್ಲೆಪ್ಪ ಕೊಡೆ ಹಿಡಿದುಕೊಂಡು, "ಏಳ್ರೀ ಆಚಾರ್ರ, ತಂತಿ ಬಿಚ್ಚಬೇಕು," ಎಂದು ಅನ್ನುತ್ತಲೇ ಇದ್ದ. ಅವರು ಏಳಲಿಲ್ಲ. ಹಸನಸಾಬ ಒಂದು ಕಡೆ ಕೆಸರಿನಲ್ಲಿ ಕೂತು ಅವರನ್ನೇ ನೋಡುತ್ತಿದ್ದ. ಮುದುಕ ಕೊಟ್ಟ ಮಾತು ಉಳಿಸಿಕೊಂಡದ್ದಕ್ಕೆ ಎಷ್ಟು ತೆತ್ತನೆಂದು ಅವನಿಗೆ ಆಗ ಅರ್ಥವಾಗತೊಡಗಿತ್ತೆಂದು ಕಾಣುತ್ತದೆ. ನಾನು ಹೋಗಿ ಅವನ ಪಕ್ಕ ಕೂತು ಶ್ರೀನಿವಾಸನ ಸುದ್ದಿ ಹೇಳಿದೆ. ಹತ್ತಿಮತ್ತೂರು, ಮಳೆ, ಮುಚ್ಚಿದ ಪುಸ್ತಕ, ಹೊಳೆ. ಅವನು, "ಯಾ ಅಲ್ಲಾ, ಯಾಕ ಮೊದಲ ಹೇಳಲಿಲ್ಲ?" ಎಂದು ನನ್ನ ಮೇಲೆಯೇ ಹಾಯ್ದ.

ಅಷ್ಟರಲ್ಲಿ ಫಕ್ಕೀರವ್ವ ಬುಟ್ಟಿ ಇಳಿಸಿ, ಎದುರಿಗೆ ಬಂದ ಹುಡುಗರ ಕೈಯಲ್ಲೆಲ್ಲ ಎಲೆ ಅಡಿಕೆ ಇಡಲಾರಂಭಿಸಿದಳು. ಹಾನಗಲ್ಲಿನವರಿಗೂ ಕೊಟ್ಟಳು. "ಗೆದ್ದೀರಿ, ತಗೋರಿ. ಮುಂದಿನ ವರ್ಷ ನಿಮಗ ಸುಣ್ಣ ತಿನ್ನಿಸ್ತೇವಿ," ಅಂದಳು. ಆ ಉದ್ದನ ಹುಡುಗ ನಾಚಿ ತಲೆ ತಗ್ಗಿಸಿದ.

ಆಚಾರ್ಯರು ಇದನ್ನೆಲ್ಲ ನೋಡಿದರು. ಬಿಗಿದ ತುಟಿ ಬಿಟ್ಟಿತು. ಹಸನಸಾಬನ ಕಡೆ ತಿರುಗಿ, ಗುರುಗಳ ಅಪ್ಪಣೆ ಕೇಳುವ ಶಿಷ್ಯನ ಹಾಗೆ, "ಈಗ ಹೇಳಲೇನಪಾ? ಇದು ಖರೇ ಅದ," ಅಂದರು.

ಹಸನಸಾಬ ಗುದ್ಲೆಪ್ಪನಿಗೆ ಕೈಮಾಡಿದ. ಗುದ್ಲೆಪ್ಪ ಕೊಡೆ ನನ್ನ ಕೈಗೆ ಕೊಟ್ಟು ಗುಂಡಿ ತಿರುವಿದ.

"ಕೇಳ್ರಿ ಸಜ್ಜನರಾ," ಎಂದಿತು ಆ ದನಿ. ಪೇಟೆಯಲ್ಲಿ ಕೇಳಲು ಯಾರೂ ಉಳಿದಿರಲಿಲ್ಲ. ಓಣಿಗಳಲ್ಲಿ, ಮನೆಯೊಳಗಿನ ಹೆಣ್ಣುಮಕ್ಕಳು ಮಾತ್ರ. "ನಾವು ಸೋತೇವಿ, ಅದನ್ನ ಹೇಳೇನಿ. ಈಗ ಮುಂದಿಂದು ಕೇಳ್ರಿ. ಫಕ್ಕೀರವ್ವ ಬಂದಾಳ. ಮಹಾಲಿಂಗಪ್ಪನವರು ಬಂದಾರ. ಪೇಟಿ ಪೂರಾ ಬಯಲಿಗೆ ಬಂದು ನಿಂತದ. ಯಾರೂ ಬೈಲಿಕ್ಕೆ ಹತ್ತಿಲ್ಲ. ಸೋತವರ ಕೈಯಾಗೂ ಎಲಿ, ಗೆದ್ದವರ ಕೈಯಾಗೂ ಎಲಿ..." ಅಲ್ಲಿ ತಡೆದರು. ಪಡುವಣ ದಿಕ್ಕಿನ ಮೋಡ ನೋಡಿದರು. "ಇನ್ನೊಂದು ಮಾತು. ಮ್ಯಾಲೆ ಮಳಿ ಆಗೇದ, ಹೊಳಿಗೆ ನೀರು ಬಂದಿರತದ. ಹಾನಗಲ್ಲಿನ ಮಕ್ಕಳು ಇವತ್ತ ಹೊಳಿ ದಾಟಬಾರದು. ಯಾರ ಮನ್ಯಾಗ ಇಬ್ಬರಿಗೆ ಜಾಗಾ ಅದ, ಅವರು ಬಾಗಲಾ ತಕ್ಕೊಂಡು ನಿಂದರ್ರಿ. ನಾವು ಕರಕೊಂಡು ಬರತೇವಿ."

ಆಮೇಲೆ ಮಂಗಳ ಹಾಡಿದರು. ನಮ್ಮವರು, ಹಾನಗಲ್ಲಿನವರು, ಹಸನಸಾಬ, ಎಲ್ಲರೂ ಕೆಸರಿನಲ್ಲಿ ನಿಂತು ಕೇಳಿದೆವು. ಮುಗಿದ ಮೇಲೆ ಹಲಗೆಯವನು ಯಾರನ್ನೂ ಕೇಳದೆ ಬಾರಿಸಿದ. ಸೋತ ತಂಡ ದೊಡ್ಡ ಬೀದಿ ಹಾದು ಊರೊಳಗೆ ಬಂದದ್ದು ಸವಣೂರಿನ ಇತಿಹಾಸದಲ್ಲಿ ಅಂದೇ ಮೊದಲು. ನನಗೆ ಅಳು ಬಂತು, ಅತ್ತೆ. ಮತ್ತೆ ಹಿಡಿದ ಮಳೆಯಲ್ಲಿ ಯಾರಿಗೂ ಕಾಣಲಿಲ್ಲ.

ಓಣಿ ಓಣಿಯಲ್ಲಿ ಬಾಗಿಲುಗಳು ತೆರೆದಿದ್ದವು. ಇಬ್ಬಿಬ್ಬರಂತೆ ಹುಡುಗರು ಒಳಗೆ ಹೋದರು. ಆ ಉದ್ದನ ಹುಡುಗ ಮತ್ತು ಅವನ ಗೆಳೆಯ ಆಚಾರ್ಯರ ಪಾಲಿಗೆ ಬಂದರು. ಕೊಡೆ ಹಿಡಿದವನಾದ್ದರಿಂದ ನಾನೂ ಅವರ ಬಾಗಿಲವರೆಗೆ ಹೋದೆ. ತುಳಸಾಬಾಯಿಯವರು ಹೊಸ್ತಿಲ ಒಳಗೆ ನಿಂತಿದ್ದರು. ಕಣ್ಣು ಕೆಂಪಾಗಿದ್ದವು.

"ಸೋತ್ವಿ," ಅಂದರು ಆಚಾರ್ಯರು.

"ಕೇಳಿಸ್ತು. ಹುಡುಗ್ರೆಲ್ಲಾ ಮನಿ ಮುಟ್ಟಿದ್ರ?"

"ಎಲ್ಲಾರೂ ಮುಟ್ಟಿದ್ರು. ಇವರಿಬ್ಬರು ಇಲ್ಲೇ ಇರತಾರ. ಹಾನಗಲ್ಲಿನವರು."

ತುಳಸಾಬಾಯಿಯವರು ಆ ಇಬ್ಬರನ್ನೂ ಒಬ್ಬೊಬ್ಬರನ್ನಾಗಿ ನೋಡಿದರು. ಉದ್ದನವನ ಮೊಣಕಾಲಿನ ಗಾಯ ನೋಡಿದರು. ಬಾಗಿಲ ಪಕ್ಕಕ್ಕೆ ಸರಿದರು.

"ಬರ್ರಿ ಒಳಗ," ಅಂದರು. "ಕಾಲು ತೊಳಕೋರಿ. ಅನ್ನಕ್ಕ ಇಡತೀನಿ."